ಒಂದೇ ಬೀರುವಿನ ಮದ್ದು

ದೋಣಿಗಲ್ಲಿನ ಕೆಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ಇಬ್ಬರು ರೈಟರಿದ್ದರು. ಒಬ್ಬ ಲೆಕ್ಕ ಬರೆದು ಸಂಬಳ ತೆಗೆದುಕೊಳ್ಳುವವನು. ಇನ್ನೊಂದು, ಸ್ಟೋರ್ ನೋಡಿಕೊಳ್ಳುವ ನಂಜುಂಡಯ್ಯ ಸಾಕಿದ ಕೇರೆ ಹಾವು. ನಾಲಿಗೆ ಆಡಿಸುತ್ತ ಕಾಫಿ ಮೂಟೆಗಳನ್ನು ಒಂದೊಂದಾಗಿ ತಪಾಸಣೆ ಮಾಡಿಕೊಂಡು ಹೋಗುವ ಅದರ ಗತ್ತು ನೋಡಿ ಕೂಲಿ ಲೈನಿನ ಹೆಂಗಸರೇ ಆ ಹೆಸರಿಟ್ಟಿದ್ದರು. ಅದು ಬಂದ ಮೇಲೆ ಇಲಿ ಕಡಿದ ಗೋಣಿ ಒಂದೂ ಸಿಕ್ಕಿರಲಿಲ್ಲ. ಸಂಬಳದ ರೈಟರಿಂದ ಅಷ್ಟು ಉಪಕಾರವಾದದ್ದು ಯಾರಿಗೂ ನೆನಪಿಲ್ಲ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಕಾಫಿ ಹೊಟ್ಟಿನ ರಾಶಿಯಲ್ಲಿ ಮೊಳದುದ್ದವೂ ಇಲ್ಲದ ಮರಿಯಾಗಿ ಸಿಕ್ಕಿತ್ತು. ಮಕ್ಕಳಿಲ್ಲದ ನಂಜುಂಡಯ್ಯ ಅದನ್ನು ಸ್ಟೋರಿನಲ್ಲೇ ಹಳೆಯ ಮರದ ಪೆಟ್ಟಿಗೆಯಲ್ಲಿ ಗೋಣಿ ಹಾಸಿ ಸಾಕಿದ. ಹೆಂಡತಿ ಇಂದ್ರಮ್ಮ ಮೊದಲ ವರ್ಷ, ಗಂಡನ ಕೈ ಎರಡು ಸಲ ತೊಳೆಸದೆ ಊಟಕ್ಕೆ ಇಡುತ್ತಿರಲಿಲ್ಲ. ಎರಡನೆಯ ವರ್ಷದಿಂದ ಅಡುಗೆಮನೆಯ ಬೋನಿಗೆ ಬಿದ್ದ ಇಲಿಯನ್ನು ತಾನೇ ಎತ್ತಿಟ್ಟು ಕಳಿಸತೊಡಗಿದಳು.

ಐವತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಹಾವು ನೀರಿನ ಬಾನಿಯಲ್ಲೇ ಮಲಗಲು ಶುರುಮಾಡಿತು. ತಲೆ ಮಾತ್ರ ಮೇಲೆ, ಕಣ್ಣು ಮಂಕು.

"ಪೊರೆ ಬಿಡೋ ಹೊತ್ತು ಕಣೆ, ಅದುಕ್ಕೆ ಸುಸ್ತು" ಎಂದು ನಂಜುಂಡಯ್ಯ ಎಲ್ಲ ಬಲ್ಲವನಂತೆ ಹೆಂಡತಿಗೆ ಹೇಳಿದ. ಹತ್ತು ದಿನವಾದರೂ ಪೊರೆ ಬಿಡಲಿಲ್ಲ. ಇಲಿ ಎದುರಿಗೇ ಹರಿದಾಡಿದರೂ ಅದು ತಿರುಗಿ ನೋಡಲಿಲ್ಲ. ಹನ್ನೊಂದನೆಯ ದಿನ ಬಾನಿಯ ನೀರು ಚೆಲ್ಲಲು ಹೋದಾಗ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳು ಕಂಡವು. ಹೆಗಲ ಮೇಲಿನ ಬಿಳಿ ಟವೆಲ್ ಒದ್ದೆ ಮಾಡಿ, ಹಾವನ್ನು ತಲೆಯಿಂದ ಬಾಲದವರೆಗೆ ಒರೆಸಿ, ಟವೆಲನ್ನು ಬಿಸಿಲಿಗೆ ಹಿಡಿದ. ಚುಕ್ಕೆಗಳು ನಡೆಯುತ್ತಿದ್ದವು. ಗದ್ದದ ಕೆಳಗೆ, ಕಣ್ಣಿನ ಸುತ್ತ, ಹುರುಪೆಯ ಸಂದಿನಲ್ಲೆಲ್ಲ ರಕ್ತ ಕುಡಿದ ಕೂರೆ. ಹತ್ತು ದಿನ ಕಣ್ಣಿದ್ದೂ ಕುರುಡನಾಗಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ರೇಗಿತು.

ಗೋಣಿ ತರುವ ಲಾರಿಯ ಡ್ರೈವರ್, ಆನೇಮಹಲಿನ ಇಸ್ಹಾಕ್, ಕೋಳಿ ಸಾಕಿ ಕೈ ಪಳಗಿದವನು. ಟವೆಲ್ ನೋಡಿ ಹೇಳಿದ: "ನಂಜುಂಡಯ್ನೋರೇ, ಕೋಳಿಗೆ ಬತ್ತಾವಲ್ಲ, ಅಂಥದೇ ಕೂರೆ. ಕೊಬ್ರಿ ಎಣ್ಣೆ ಸವರಿ, ಉಸ್ರು ಕಟ್ಟಿ ಸಾಯ್ತಾವೆ. ಗೋಣಿ ಸುಟ್ಟಾಕಿ, ಪೆಟ್ಗೆಗೆ ಕುದಿಯೋ ನೀರು ಹೊಯ್ರಿ. ಮೊಟ್ಟೆ ಒಡ್ದು ತಿರ್ಗಾ ಬತ್ತಾವೆ, ಒಂದ್ ತಿಂಗ್ಳು ಬಿಡ್ದೆ ಮಾಡ್ಬೇಕು. ಅವಸ್ರ ಮಾತ್ರ ಮಾಡ್ಬ್ಯಾಡಿ."

"ಅಷ್ಟು ದಿನ ಇದು ಉಳೀಬೇಕಲ್ಲ ಮಾರಾಯ."

ನಾಲ್ಕು ದಿನ ಇಸ್ಹಾಕ್ ಹೇಳಿದಂತೆಯೇ ಮಾಡಿದ. ಐದನೆಯ ದಿನ ಟವೆಲ್ ಮೇಲೆ ಮತ್ತೆ ಚುಕ್ಕೆಗಳು ನಡೆದವು. ಅಷ್ಟೊತ್ತಿಗೆ ಹಾವಿನ ಬೆನ್ನುಮೂಳೆ ಕೈಗೆ ಸಿಗುವಂತಾಗಿತ್ತು, ನಂಜುಂಡಯ್ಯನ ತಾಳ್ಮೆಯೂ ಮುಗಿದಿತ್ತು.

ಸ್ಟೋರಿನಲ್ಲಿ ಒಂದು ಬೀರು. ಬೀಗದ ಕೈ ನಂಜುಂಡಯ್ಯನ ಉಡಿದಾರದಲ್ಲಿ. ಮೇಲಿನ ಹಲಗೆಯಲ್ಲಿ ಲೈನಿನವರಿಗೆ ಕೊಡುವ ಜ್ವರದ ಮಾತ್ರೆ, ಕೆಳಗಿನದರಲ್ಲಿ ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಬಳಿಯುವ ಪುಡಿ. ಎಸ್ಟೇಟಿನಲ್ಲಿ ಎರಡಕ್ಕೂ ಹೆಸರು ಒಂದೇ, ಮದ್ದು. ಭಾನುವಾರ ಜನಕ್ಕೆ, ಸೋಮವಾರ ಗಿಡಕ್ಕೆ, ಅದೇ ಕೈಯಿಂದ ವರ್ಷಗಟ್ಟಲೆ ಕೊಟ್ಟಿದ್ದ. ಯಾರಿಗೂ ಕೇಡಾಗಿರಲಿಲ್ಲ, ಅವನಿಗೆ ಆ ಹೆಮ್ಮೆಯೂ ಇತ್ತು. ನಾಯಿಗೆ ಇದೇ ಪುಡಿ ಉದುರಿಸಿದಾಗ ಉಣುಗೆಲ್ಲ ಬಿದ್ದುಹೋಗಿದ್ದವು. ಶನಿವಾರ ಸಂಜೆ ಹಾವಿನ ಮೈಗೆ ಎರಡು ಹಿಡಿ ಪುಡಿ ಉದುರಿಸಿದ. ಒಂದು ಕೂರೆಯೂ ತಪ್ಪಿಸಿಕೊಳ್ಳಬಾರದೆಂದು ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿ ಹಾಕಿದ.

ಬೆಳಿಗ್ಗೆ ತೆಗೆದರೆ ಕೂರೆಯೆಲ್ಲ ಸತ್ತಿದ್ದವು. ಹಾವು ಹೊಟ್ಟೆ ಮೇಲಾಗಿ ತಿರುಚಿಕೊಂಡು, ಬಾಯಿ ಬಿಟ್ಟು ನಡುಗುತ್ತಿತ್ತು. ಎತ್ತಿಕೊಂಡು ಮನೆಗೆ ಓಡಿದ. ಇಂದ್ರಮ್ಮ ಚೊಂಬಿನಲ್ಲಿ ನೀರು ಹೊಯ್ಯುತ್ತ ಹೋದಳು, ಅವನು ತೊಳೆಯುತ್ತ ಹೋದ.

"ಏನ್ ಮಾಡುದ್ರಿ ಅದುಕ್ಕೆ?"

"ಮದ್ದು ಹಾಕ್ದೆ."

ಇಂದ್ರಮ್ಮನ ಕೈಯ ಚೊಂಬು ಅಲ್ಲೇ ನಿಂತಿತು. ಆಗದವರ ಅನ್ನದಲ್ಲಿ ವಿಷ ಕಲಸಿದರೂ ಈ ಸೀಮೆಯಲ್ಲಿ ಹೇಳುವುದು ಅದೇ ಮಾತು. ತಾನು ಆಡಿದ್ದು ತನ್ನ ಕಿವಿಗೆ ಬಿದ್ದಾಗ ನಂಜುಂಡಯ್ಯ ಅತ್ತುಬಿಟ್ಟ. ಹತ್ತು ಗಂಟೆಯ ಹೊತ್ತಿಗೆ ಹಾವಿನ ನಡುಕ ನಿಂತಿತು.

ಅದನ್ನು ಹೂತು ಬಂದು ಕೈ ತೊಳೆಯುವಷ್ಟರಲ್ಲಿ ಲೈನಿನ ದೇವೀರಮ್ಮ ಸ್ಟೋರಿನ ಬಾಗಿಲಲ್ಲಿ ನಿಂತಿದ್ದಳು. ಅಂದು ಭಾನುವಾರ.

"ಅಯ್ಯಾ, ನಮ್ಮನೆಯೋರ್ಗೆ ಚಳಿಜ್ವರ. ಒಸಿ ಮದ್ದು ಕೊಡಿ."

ನಂಜುಂಡಯ್ಯ ಬೀರು ತೆಗೆದ. ಮೇಲಿನ ಹಲಗೆಯ ಡಬ್ಬಿ ಎತ್ತಿಕೊಂಡು ಹೆಸರು ಓದಿದ, ಮತ್ತೊಮ್ಮೆ ಓದಿದ. ಇಷ್ಟು ವರ್ಷ ನೋಡದೆಯೇ ಎಣಿಸಿ ಕೊಟ್ಟ ಮಾತ್ರೆಗಳು. ಒಂದನ್ನು ತೆಗೆದು ಮೂಸಿದ. ಆಮೇಲೆ ಅದನ್ನು ತನ್ನ ಬಾಯಿಗೇ ಹಾಕಿಕೊಂಡು ನುಂಗಿ, ಮೂಟೆಯ ಮೇಲೆ ಕೂತ.

"ಯಾಕಯ್ಯಾ, ನಿಮ್ಗೂ ಜ್ವರವಾ?"

"ಒಂದ್ಗಳಿಗೆ ಕೂತ್ಕಳವ್ವ" ಎಂದ. "ನಂಗೇನೂ ಆಗ್ನಿಲ್ಲ ಅಂದ್ರೆ ಕೊಡ್ತೀನಿ."