ಬೇವಿನ ನೆರಳಿನಲ್ಲಿ ಅಯಸ್ಕಾಂತಗಳ ಮೀಟಿಂಗು

ನೆರಳಿನಲ್ಲಿ ಕೂತು ಅದೇ ನೆರಳನ್ನು ಕಡಿಸಿದವರನ್ನು ನೋಡಿದ್ದೀರಾ? ಹೋದ ಭಾನುವಾರ ಗದಗ-ಬೆಟಗೇರಿಯ ನಮ್ಮ ಓಣಿಗೆ ಬಂದಿದ್ದರೆ ನೋಡುತ್ತಿದ್ದಿರಿ. ನನ್ನನ್ನೂ ಸೇರಿಸಿ.

ಅವತ್ತು ಬೆಳಿಗ್ಗೆ ಅಣ್ಣನ ಮಗಳು ಸುಮಾ ಬಂದಿದ್ದಳು. ಕಂಪ್ಯೂಟರಿನಲ್ಲಿ ಅಯಸ್ಕಾಂತದ ಲೆಕ್ಕ ಮಾಡುವ ಪಿಎಚ್.ಡಿ. ಹುಡುಗಿ. ಏನದು ಲೆಕ್ಕ ಎಂದೆ.

"ಕಾಕಾ, ಕಬ್ಬಿಣದಾಗ ಸಣ್ಣ ಸಣ್ಣ ಸೂಜಿ ಅದಾವು ಅಂತ ತಿಳ್ಕೋರಿ. ಬಾಜೂದ್ದು ಯಾಕಡೆ ತಿರುಗೇತಿ ನೋಡಿ ತಾನೂ ಆಕಡೆ ತಿರುಗೋದು, ಅಷ್ಟ ಅದರ ಕೆಲಸ. ಎಲ್ಲಾ ಒಂದ ಕಡೆ ತಿರುಗಿದ್ರ ಅಯಸ್ಕಾಂತ ಆತು."

"ಮೊದಲ ತಿರುಗೋದು ಯಾವುದು?"

"ಯಾವುದರ ಒಂದು. ಅದಕ್ಕ ದೊಡ್ಡ ಕಾರಣ ಬೇಕಂತಿಲ್ಲ."

"ಬಿಡಸೋದು ಹೆಂಗ?"

"ಚಲೋತ್ನಂಗ ಕಾಸಬೇಕ್ರಿ. ಇಂತಿಷ್ಟು ಡಿಗ್ರಿ ಅಂತ ಇರತೈತಿ, ಅದು ದಾಟಿತಂದ್ರ ಯಾವುದೂ ಬಾಜೂದ್ದರ ಮಾತು ಕೇಳಂಗಿಲ್ಲ."

ಮಧ್ಯಾಹ್ನ ಓಣಿಯ ಮೀಟಿಂಗು. ಕಾಂಕ್ರೀಟ್ ರಸ್ತೆ ನೆಟ್ಟಗೆ ಬರಬೇಕಾದರೆ ಬೇವಿನ ಮರ ಹೋಗಬೇಕಂತೆ. ಸೇರಿದ್ದು ಅದೇ ಮರದ ಕೆಳಗೆ (ಬೇರೆಲ್ಲಿದೆ ನೆರಳು?). ಶಂಕ್ರವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವುದೂ ಅಲ್ಲೇ. ಮರ ಹೋದರೆ ಅವಳ ಹೊಟ್ಟೆಪಾಡೂ ಹೋದಂತೆ.

"ಕಡೀಬೇಕು ಅನ್ನಾವ್ರು ಕೈ ಎತ್ರಿ" ಎಂದರು ಓಣಿಯ ಹಿರಿಯ ಬಸಪ್ಪಜ್ಜ.

ಯಾರೂ ಎತ್ತಲಿಲ್ಲ. ಎಲ್ಲರೂ ಪಕ್ಕದವರ ಕೈ ನೋಡುತ್ತ ಕೂತರು. ಅಷ್ಟರಲ್ಲಿ ಮೂಲೆಮನೆಯ ಬಾಡಿಗೆದಾರ ಎದ್ದು ನಿಂತ. ಮುಂದಿನ ವಾರ ಮನೆ ಖಾಲಿ ಮಾಡುವವನು.

"ನಂದೊಂದು ಕೈ ತಗೋರಿ. ಜಲ್ದಿ ಮುಗಸ್ರಿ, ಮುಂಡರಗಿ ಬಸ್ ತಪ್ಪತೈತಿ."

ಅವನನ್ನು ನೋಡಿ ಪಕ್ಕದವರು ಎತ್ತಿದರು. ಅವರನ್ನು ನೋಡಿ ಅವರ ಪಕ್ಕದವರು. ನನ್ನ ಜೊತೆ ಬಂದು ಕೂತಿದ್ದ ಸುಮಾ ಕೂಡ ಎತ್ತಿದಳು (ನಮ್ಮ ಓಣಿಗೂ ಅವಳಿಗೂ ಏನು ಸಂಬಂಧ?). ಓದಿದ ಹುಡುಗಿಯೇ ಎತ್ತಿದ್ದಾಳಲ್ಲ ಎಂದು ನಾನೂ ಎತ್ತಿದೆ. ಬಾಡಿಗೆದಾರ ಆಗಲೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಮನೆಗೆ ಬಂದು ಸುಮಾಳನ್ನು ತರಾಟೆಗೆ ತೆಗೆದುಕೊಂಡೆ. "ನೀವು ಎತ್ತಾಕ ಹೊಂಟಂಗ ಕಂಡ್ರಿ ಕಾಕಾ, ಅದಕ್ಕ ಎತ್ತಿದೆ" ಎಂದಳು. ಪಿಎಚ್.ಡಿ. ಸಾರ್ಥಕವಾಯಿತು!

ಮರ ಎರಡೇ ದಿನದಲ್ಲಿ ಉರುಳಿತು. ನಿನ್ನೆ ಶಂಕ್ರವ್ವ ರೊಟ್ಟಿ ಬುಟ್ಟಿಗೆ ಸೆರಗು ಮುಚ್ಚಿ ಬಿಸಿಲಲ್ಲಿ ಕೂತಿದ್ದಳು. "ನೀನರ ಬ್ಯಾಡ ಅನ್ನಬೇಕಿಲ್ಲೇನವಾ?" ಎಂದೆ.

"ನಾ ನಿಮ್ಮ ಮಾರಿನ ನೋಡಾಕತ್ತಿದ್ನಿರಿ ಸರ. ನೀವು ಎತ್ತಿದ್ರಿ. ನಾನೂ ಎತ್ತಿದೆ."

ಈಗ ಓಣಿಯಲ್ಲಿ ನೆರಳಿಲ್ಲ, ಗದಗಿನ ಬಿಸಿಲು ನೇರ ನೆತ್ತಿಯ ಮೇಲೆ. ಪಕ್ಕದವರ ಕೈ ನೋಡುವುದನ್ನು ಬಿಡಲು ನಮಗೆ ಇನ್ನೆಷ್ಟು ಡಿಗ್ರಿ ಬೇಕು?