ನಲವತ್ತೇಳನೇ ಪ್ರಶ್ನೆ

ನಮ್ಮ ಮನೆಯ ಬೆತ್ತದ ಕುರ್ಚಿಯ ತಳ ಹರಿದದ್ದು ನಾನು ಏಳು ತಿಂಗಳ ಬಸುರಿಯಾಗಿದ್ದಾಗ. ಕೂತವಳು ಕೂತಂತೆಯೇ ಅರ್ಧ ಒಳಗಿಳಿದೆ. ಅತ್ತೆ ಮೊದಲು ನನ್ನನ್ನು ಎತ್ತಿ ನಿಲ್ಲಿಸಿದರು, ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಮಗುವಿಗೆ ಹಾಲೂಡಿಸಲು ನನಗೆ ಅದೇ ಕುರ್ಚಿ ಬೇಕಿತ್ತು. ಹಾಗಾಗಿ ಅದನ್ನು ಹೊರಿಸಿಕೊಂಡು ಅಂಚೆ ಕಚೇರಿಯ ಹಿಂದಿನ ಬೀದಿಗೆ ಹೋದೆ. ಅಲ್ಲಿ ರಾಜ್ಯ ಅಂಧರ ಸಂಘದ ಕಾರ್ಯಾಗಾರವಿದೆ.

ಊರವರೆಲ್ಲ ಕುರ್ಚಿ ಅಕ್ಕ ಎಂದು ಕರೆಯುವವರನ್ನು ನಾನು ಮೊದಲು ನೋಡಿದ್ದು ಅಲ್ಲಿ. ನೀರಿನ ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಸೀಳುಗಳ ಪಕ್ಕ, ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತಂತೆ. ಇಪ್ಪತ್ತೆರಡು ವರ್ಷದಿಂದ ಕುರ್ಚಿ ಹೆಣೆಯುತ್ತಿದ್ದಾರೆ. ನನ್ನ ಕುರ್ಚಿಯ ಚೌಕಟ್ಟಿನ ತೂತುಗಳ ಮೇಲೆ ಬೆರಳಾಡಿಸಿ, ಹಿಂದೆ ಹೆಣೆದವನು ಸೋಮಾರಿ, ಮೂಲೆಯಲ್ಲಿ ಎರಡು ತೂತು ಹಾರಿಸಿದ್ದಾನೆ, ಅದಕ್ಕೇ ನೀನು ಬಿದ್ದೆ ಎಂದರು. ನಾನು ಬಿದ್ದದ್ದನ್ನು ಅವರಿಗೆ ಹೇಳಿರಲೇ ಇಲ್ಲ. ನಡಿಗೆಯ ಸದ್ದಿನಿಂದ ಬಸುರಿ ಎಂದು ಗೊತ್ತಾಯಿತಂತೆ, ಉಳಿದದ್ದನ್ನು ಹರಿದ ಬೆತ್ತವೇ ಹೇಳಿತಂತೆ.

ಅವರು ಸಂಘದ ನಮ್ಮೂರ ಶಾಖೆಯ ಕಾರ್ಯದರ್ಶಿ ಕೂಡ. ಭಾನುವಾರ ಬೆಳಿಗ್ಗೆ ಹೊಸಬರನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುತ್ತಿದ್ದರು. ಜಿಲ್ಲಾ ಕಚೇರಿಯ ಲಿಫ್ಟು ಮಹಡಿಯ ಸಂಖ್ಯೆಯನ್ನು ಕೂಗಿ ಹೇಳಬೇಕೆಂದು ಮೂರು ವರ್ಷ ಅರ್ಜಿ ಬರೆದು ಕೊನೆಗೂ ಗೆದ್ದಿದ್ದರು. "ಕುರ್ಚಿಗಾಗಿ ಕಿತ್ತಾಡೋರು ಬೇರೆ ಕಣೇ, ಹೆಣೆಯೋಳು ನಾನು," ಎಂದು ತಮ್ಮ ಅಡ್ಡಹೆಸರಿಗೆ ತಾವೇ ನಗುತ್ತಿದ್ದರು.

ಅವತ್ತು ಅವರ ಬಳಿ ಒಂದು ಪತ್ರವಿತ್ತು. ಓದುವವರು ಬಂದಿರಲಿಲ್ಲವೆಂದು ನನ್ನ ಕೈಗೆ ಕೊಟ್ಟರು. ಪರೀಕ್ಷಾ ಮಂಡಳಿಯ ಅಧಿಕಾರಿಯೊಬ್ಬರು ಬರೆದದ್ದು. ಅದರ ನಡುವೆ, ಇಂಥವರು ಕಚೇರಿ ಕೆಲಸದ ಆಸೆ ಬಿಟ್ಟು ಕೈಕಸುಬಿನಲ್ಲೇ ತೃಪ್ತರಾಗುವುದು ಒಳ್ಳೆಯದು ಎಂಬ ಸಾಲಿತ್ತು. ನನ್ನ ದನಿ ತಡವರಿಸಿತು, ಆದರೂ ಓದಿದೆ. ಅಕ್ಕ ಬೆತ್ತ ಎಳೆಯುವುದನ್ನು ನಿಲ್ಲಿಸಿ, ಇದೇ ಪತ್ರವನ್ನು ನಿನ್ನೆ ಇನ್ನೊಬ್ಬರು ಓದಿದ್ದರು, ಆ ಸಾಲನ್ನು ಅವರು ಹಾರಿಸಿದ್ದರು ಎಂದರು.

"ಸಾಲು ಹಾರ್ಸಿದ್ದು ಗೊತ್ತಾಗಲ್ಲ ಅಂದ್ಕೊಂಡಿದ್ರು ಪಾಪ. ಉಸಿರು ತಗೊಂಡ್ರಲ್ಲ, ಅಲ್ಲೇ ಸಿಕ್ಕಿಬಿದ್ರು. ನೀನು ಬಿಡದೆ ಓದ್ತೀಯ. ನಿನ್ನ ಹೆಸರು ಪಟ್ಟಿಗೆ ಹಾಕ್ಕೋತೀನಿ."

ಅದು ಲಿಪಿಕಾರರ ಪಟ್ಟಿ. ಕಣ್ಣು ಕಾಣದ ಅಭ್ಯರ್ಥಿಗೆ ಪ್ರಶ್ನೆ ಓದಿ, ಅವರು ಹೇಳಿದ ಉತ್ತರವನ್ನು ಗುರುತು ಮಾಡುವವರು ನಾವು. ಮೊದಲೆಲ್ಲ ಮಂಡಳಿಯೇ ಯಾರನ್ನೋ ಕೂರಿಸುತ್ತಿತ್ತು. ಒಬ್ಬ ತೂಕಡಿಸುತ್ತಿದ್ದ, ಇನ್ನೊಬ್ಬನಿಗೆ ಗಟ್ಟಿಯಾಗಿ ಓದಲು ನಾಚಿಕೆ. ನಮ್ಮವರನ್ನು ನಾವೇ ಕರೆತರುತ್ತೇವೆ ಎಂದು ಸಂಘ ಎರಡು ವರ್ಷ ಹೋರಾಡಿತು. ಆ ಪತ್ರ ಬರೆದ ಅಧಿಕಾರಿ, ಹಾಗೆ ಬಿಟ್ಟರೆ ಕಣ್ಣಿದ್ದವರೇ ಪರೀಕ್ಷೆ ಬರೆಯುತ್ತಾರೆ ಎಂದು ವಾದಿಸಿದ್ದ. ಕೊನೆಗೆ ಮಂಡಳಿ ಒಂದೇ ಪರೀಕ್ಷೆಯ ಮಟ್ಟಿಗೆ ಒಪ್ಪಿಕೊಂಡಿತು. ಫಲಿತಾಂಶ ಬಂದ ಮೇಲೆ ಸಭೆ ಸೇರಿ, ನಿಯಮ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದಾಗಿತ್ತು.

ಆ ಪರೀಕ್ಷೆಗೆ ಅಕ್ಕನೂ ಕೂರುವವರಿದ್ದರು. ಸರ್ಕಾರಿ ಆಸ್ಪತ್ರೆಯ ಫೋನ್ ಕೋಣೆಯ ಕೆಲಸ. ವಯಸ್ಸಿನ ಮಿತಿಯ ಪ್ರಕಾರ ಅವರಿಗೆ ಅದೇ ಕೊನೆಯ ಅವಕಾಶ. ಕಾರ್ಯಾಗಾರದ ಕಟ್ಟಡವನ್ನು ವರ್ಷದ ಕೊನೆಗೆ ಬಿಡಬೇಕಿತ್ತು, ಬೆತ್ತದ ಕುರ್ಚಿ ತರುವವರೂ ಬೆರಳೆಣಿಕೆಯಷ್ಟಾಗಿದ್ದರು. ತಮ್ಮ ಲಿಪಿಕಾರಳಾಗಲು ಅವರು ಕೇಳಿದ್ದು ನನ್ನನ್ನು.

ಪರೀಕ್ಷೆಯ ದಿನ ಮಗಳಿಗೆ ಐದು ತಿಂಗಳು. ಅತ್ತೆಯ ಕೈಗೆ ಅವಳನ್ನು ಕೊಟ್ಟು, ಎದೆಗೆ ಮಡಿಸಿದ ಬಟ್ಟೆ ಇಟ್ಟುಕೊಂಡು ಹೋದೆ. ಮುರಿದ ಡೆಸ್ಕುಗಳನ್ನು ಒಟ್ಟಿದ್ದ ಸಣ್ಣ ಕೋಣೆಯಲ್ಲಿ ನಮ್ಮಿಬ್ಬರನ್ನೇ ಕೂರಿಸಿದರು. ಅಕ್ಕ ತಮ್ಮ ಬ್ರೈಲ್ ಹಲಗೆಗೆ ದಪ್ಪ ಕಾಗದ ಸಿಕ್ಕಿಸಿದರು. ಮೇಲ್ವಿಚಾರಕರು ಆ ಖಾಲಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅದಕ್ಕೂ ಒಂದು ಮೊಹರು ಒತ್ತಿದರು.

ಎಂಬತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ. ನಾನು ಓದುತ್ತಿದ್ದೆ, ಅಕ್ಕ "ಎರಡು", "ಒಂದು" ಎನ್ನುತ್ತಿದ್ದರು, ಟಕ್ ಟಕ್ಕೆಂದು ಹಾಳೆಯಲ್ಲಿ ಏನೋ ಚುಚ್ಚಿಕೊಳ್ಳುತ್ತಿದ್ದರು. ಲೆಕ್ಕ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಲವತ್ತಾರರವರೆಗೆ ಎಲ್ಲ ಸರಾಗ.

ನಲವತ್ತೇಳನೇ ಪ್ರಶ್ನೆಯಲ್ಲಿ ಚಿತ್ರವಿತ್ತು. ಒಂದು ಕಚೇರಿಗೆ ಐದು ತಿಂಗಳಲ್ಲಿ ಬಂದ ಕಾಗದಗಳ ಲೆಕ್ಕ, ಉದ್ದ ಗಿಡ್ಡ ಕಂಬಗಳಾಗಿ. ಅಂಕಿಗಳಿಲ್ಲ. ಹಿಂದಿನ ತಿಂಗಳಿಗಿಂತ ಅತಿ ಹೆಚ್ಚು ಕುಸಿದದ್ದು ಯಾವ ತಿಂಗಳು? ಚಿತ್ರದ ಪ್ರಶ್ನೆ ಕೊಡಬೇಡಿ ಎಂದು ಸಂಘ ಬರೆದಿದ್ದ ಅರ್ಜಿಯನ್ನು ಯಾರೂ ತೆರೆದೇ ನೋಡಿರಲಿಲ್ಲವೇನೋ. ನಾನು ಕಂಬಗಳನ್ನು ವರ್ಣಿಸಿದೆ. ಎರಡನೆಯದು ಎತ್ತರ, ಮೂರನೆಯದು ಅದಕ್ಕಿಂತ ಗಿಡ್ಡ, ನಾಲ್ಕನೆಯದು ಇನ್ನೂ ಗಿಡ್ಡ. ಎಷ್ಟು ಗಿಡ್ಡ ಎಂದು ಅಕ್ಕ ಕೇಳಿದರು. ಬೆರಳಲ್ಲಿ ಅಳೆದು ಹೇಳಲು ಹೋಗಿ ನಾನೇ ಗೊಂದಲ ಮಾಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ಮೂರು" ಎಂದರು.

ನನ್ನ ಕಣ್ಣಿಗೆ ನಾಲ್ಕು ಢಾಳಾಗಿ ಕಾಣುತ್ತಿತ್ತು. ಮೇಲ್ವಿಚಾರಕರು ಬಾಗಿಲ ಬಳಿ ಯಾರೊಂದಿಗೋ ಮಾತಾಡುತ್ತಿದ್ದರು. ಇದು ಅಕ್ಕನ ತಪ್ಪಲ್ಲ, ನಾನು ಸರಿಯಾಗಿ ವರ್ಣಿಸಲಿಲ್ಲ, ಪ್ರಶ್ನೆಯೇ ಅನ್ಯಾಯದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಪೆನ್ಸಿಲ್ಲು ನಾಲ್ಕಕ್ಕೆ ಹೋಯಿತು.

ಕೊನೆಗೆ ಗುರುತು ಮಾಡಿದ್ದನ್ನೆಲ್ಲ ಓದಿ ಹೇಳಬೇಕೆಂಬುದು ಸಂಘದ ಕ್ರಮ. ಓದುತ್ತ ಬಂದೆ. "ನಲವತ್ತೇಳು, ಮೂರು," ಎಂದೆ. ಉಸಿರು ತಗೊಳ್ಳದಂತೆ ಎಚ್ಚರ ವಹಿಸಿದೆ. ಹೊರಬಂದಾಗ ಎದೆಯ ಬಟ್ಟೆ ಒದ್ದೆಯಾಗಿ ಕುಪ್ಪಸಕ್ಕೂ ಇಳಿದಿತ್ತು. ಅಕ್ಕ ತಮ್ಮ ಹಾಳೆಯನ್ನು ಮೇಲ್ವಿಚಾರಕರಿಗೆ ಚಾಚಿದರು. ಓದಲು ಬಾರದ್ದನ್ನು ಇಟ್ಟುಕೊಂಡು ಏನು ಮಾಡಲಿ, ನೀವೇ ಒಯ್ಯಿರಿ ಎಂದು ಅವರು ನಕ್ಕರು.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಐವತ್ತಾರು ಅಂಕ ಬಂದವರವರೆಗೆ ಕೆಲಸ. ಅಕ್ಕನಿಗೆ ಸರಿಯಾಗಿ ಐವತ್ತಾರು. ಕಾರ್ಯಾಗಾರದಲ್ಲಿ ಎಲ್ಲರೂ ಕೋಲುಗಳಿಂದ ನೆಲ ಕುಟ್ಟಿ ಸಂಭ್ರಮಿಸಿದರಂತೆ. ಆ ದಿನದ ಡೈರಿಯಲ್ಲಿ ಮಗಳಿಗೆ ಮೊದಲ ಹಲ್ಲು ಮೂಡಿದ್ದನ್ನು ಮಾತ್ರ ಬರೆದೆ.

ಮೂರನೇ ದಿನ ಮಧ್ಯಾಹ್ನ ಅಕ್ಕ ಒಬ್ಬರೇ ಕೋಲು ಹಿಡಿದು ನಮ್ಮ ಮನೆಗೆ ಬಂದರು. ತಾವೇ ಹೆಣೆದ ಕುರ್ಚಿಯಲ್ಲಿ ಕೂತು, ಚೀಲದಿಂದ ಆ ದಪ್ಪ ಹಾಳೆಯನ್ನೂ ಮಂಡಳಿ ಪ್ರಕಟಿಸಿದ ಸರಿಯುತ್ತರಗಳ ಕಾಗದವನ್ನೂ ತೆಗೆದರು. ಪರೀಕ್ಷೆಗೆ ಕೂತ ಸಂಘದ ಹನ್ನೊಂದು ಜನರೂ ತಮ್ಮ ತಮ್ಮ ಉತ್ತರಗಳನ್ನು ಚುಕ್ಕಿಯಲ್ಲಿ ಬರೆದಿಟ್ಟುಕೊಂಡಿದ್ದರಂತೆ. ಅದನ್ನು ಸರಿಯುತ್ತರಕ್ಕೆ ಹೋಲಿಸಿ, ಬಂದ ಅಂಕಕ್ಕೂ ಇದಕ್ಕೂ ತಾಳೆಯಾಗುತ್ತದೆ ಎಂದು ಸಭೆಯಲ್ಲಿ ತೋರಿಸಿದರೆ ಲಿಪಿಕಾರರು ಪ್ರಾಮಾಣಿಕರೆಂದು ಸಾಬೀತಾಗುತ್ತದೆ. ಹತ್ತು ಜನರದ್ದು ತಾಳೆಯಾಗಿತ್ತು. ಇನ್ನುಳಿದದ್ದು ಅಕ್ಕನದ್ದೊಂದೇ. ನೀನು ಸರಿಯುತ್ತರ ಓದು, ನಾನು ಲೆಕ್ಕ ಹಾಕುತ್ತೇನೆ ಎಂದರು.

ಟಕ್ ಟಕ್ ಎಂದರೆ ಏನೆಂದು ಈಗ ತಿಳಿಯಿತು.

ಓದಲು ಶುರು ಮಾಡಿದೆ. ಮಗಳು ನೆಲದ ಮೇಲೆ ಕೂತು ಅವರ ಕೋಲಿನ ತುದಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದಳು. ಅಕ್ಕ ಎಡಗೈ ಬೆರಳನ್ನು ಚುಕ್ಕಿಗಳ ಮೇಲೆ ಸರಿಸುತ್ತ, ಸರಿಯಾದದ್ದಕ್ಕೊಂದು ಹುರುಳಿಕಾಳನ್ನು ಬಟ್ಟಲಿಗೆ ಹಾಕುತ್ತಿದ್ದರು. ಮೂವತ್ತನೇ ಪ್ರಶ್ನೆ. ಮೂವತ್ತೆಂಟನೆಯದು. ಪ್ರತಿ ಸಂಖ್ಯೆಯೂ ನನ್ನನ್ನು ನಲವತ್ತೇಳರ ಹತ್ತಿರ ನೂಕುತ್ತಿತ್ತು. ಎಷ್ಟು ಸುಲಭ ಎಂಬುದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಲವತ್ತೇಳಕ್ಕೆ "ಮೂರು" ಎಂದು ಓದಿದರೆ ಸಾಕು. ಒಂದು ಕಾಳು ಹೆಚ್ಚು ಬೀಳುತ್ತದೆ, ಐವತ್ತಾರಕ್ಕೆ ಐವತ್ತಾರು ಸೇರುತ್ತದೆ, ಅಕ್ಕ ಫೋನ್ ಕೋಣೆಗೆ ಹೋಗುತ್ತಾರೆ. ಅಡುಗೆಮನೆಯಲ್ಲಿ ಅತ್ತೆ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು.

"ನಲವತ್ತಾರು, ಒಂದು."

ಕಾಳು ಬಿತ್ತು.

"ನಲವತ್ತೇಳು," ಎಂದೆ. ನನಗೇ ಗೊತ್ತಾಗುವಷ್ಟು ಜೋರಾಗಿ ಉಸಿರು ತಗೊಂಡೆ. "ನಾಲ್ಕು."

ಅವರ ಬೆರಳು ಆ ಜಾಗದಲ್ಲಿ ಕ್ಷಣ ನಿಂತು ಮುಂದೆ ಸರಿಯಿತು. ಕಾಳು ಬೀಳಲಿಲ್ಲ. ಎಂಬತ್ತೂ ಮುಗಿದ ಮೇಲೆ ಬಟ್ಟಲಿನ ಕಾಳುಗಳನ್ನು ಎರಡೆರಡು ಸಲ ಎಣಿಸಿದರು. ಐವತ್ತೈದು.

"ನಲವತ್ತೇಳು ಇನ್ನೊಂದ್ಸಲ ಓದು."

"ಸರಿಯುತ್ತರ ನಾಲ್ಕು ಅಕ್ಕ. ನೀವು ಮೂರು ಅಂದಿದ್ರಿ. ನಾನು ನಾಲ್ಕು ಗುರುತು ಮಾಡ್ದೆ. ಆಮೇಲೆ ಮೂರು ಅಂತ ಓದ್ದೆ."

ಅಕ್ಕ ಬಟ್ಟಲನ್ನು ಪಕ್ಕಕ್ಕಿಟ್ಟರು. ಕೋಲಿನ ತುದಿಯನ್ನು ಮಗಳ ಬಾಯಿಂದ ಮೆಲ್ಲಗೆ ಬಿಡಿಸಿ, ಸೆರಗಿನಿಂದ ಒರೆಸಿದರು.

"ಅವತ್ತು ಸುಳ್ಳು ಹೇಳ್ದಾಗ ನೀನು ಉಸಿರು ಬಿಗಿ ಹಿಡಿದಿದ್ದೆ. ಪರೀಕ್ಷೆ ಸುಸ್ತು ಅಂದ್ಕೊಂಡೆ ನಾನು," ಎಂದರು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಹೊರಬಂದು, ಯಾರ ಮನೆಯೂ ಮುಳುಗಿಲ್ಲ, ಒಂದು ಗುರುತು ತಾನೇ, ಮುಚ್ಚಿಟ್ಟು ಕೆಲಸಕ್ಕೆ ಸೇರಿಕೊಳ್ಳಿ ಎಂದರು. ಸಂಘದ ರಾಜ್ಯಾಧ್ಯಕ್ಷರೂ ಫೋನಿನಲ್ಲಿ, ಮೊದಲು ಸಭೆ ಮುಗಿಯಲಿ, ನಿಯಮ ಉಳಿಯಲಿ, ಆಮೇಲೆ ನೋಡೋಣ ಎಂದರಂತೆ. ಅಕ್ಕ ಇಬ್ಬರ ಮಾತನ್ನೂ ಕೇಳಲಿಲ್ಲ. ಐವತ್ತೈದರಲ್ಲಿ ನಿಂತು ಹೊರಗುಳಿದ ಒಬ್ಬಳು ಎಲ್ಲೋ ಇದ್ದಾಳೆ, ನಾನು ಕೂರುವುದು ಅವಳ ಜಾಗದಲ್ಲಿ ಎಂದಷ್ಟೇ ಹೇಳಿದರು. ನನಗೆ, ಸಭೆಗೆ ನೀನೂ ಬರಬೇಕು ಎಂದರು. ಕೇಳಿದ್ದಲ್ಲ, ಹೇಳಿದ್ದು.

ಸಭೆ ಸೇರಿದ್ದು ಮಂಡಳಿಯ ಕಚೇರಿಯ ಎರಡನೇ ಮಹಡಿಯಲ್ಲಿ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗಿದ್ದೆ. ಪತ್ರ ಬರೆದ ಅಧಿಕಾರಿ ಮೇಜಿನ ನಡುವೆ ಕೂತಿದ್ದ. ಅಕ್ಕ ಎದ್ದು, ಹತ್ತು ಹಾಳೆಗಳು ತಾಳೆಯಾಗುತ್ತವೆ, ನನ್ನದು ಆಗುವುದಿಲ್ಲ ಎಂದು ಶುರು ಮಾಡಿದರು. ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು ತಲೆ ತಗ್ಗಿಸಿದರು. ನನ್ನ ಸರದಿ ಬಂದಾಗ ಮಾಡಿದ್ದನ್ನು ಹೇಳಿ, ಕಾಗದಕ್ಕೆ ಸಹಿ ಹಾಕಿದೆ.

ಅಧಿಕಾರಿ ಕುರ್ಚಿಗೆ ಒರಗಿದ. "ಎರಡು ವರ್ಷದಿಂದ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವೇನಮ್ಮಾ?"

"ನೀವು ಅಂದಿದ್ದು, ನಾವು ಕದೀತೀವಿ ಅಂತ," ಎಂದರು ಅಕ್ಕ. "ಕದ್ದಿದ್ದನ್ನ ಹಿಡಿದೋರು ಯಾರು ಸ್ವಾಮಿ? ನಿಮ್ಮ ಮೇಲ್ವಿಚಾರಕರು ಅಲ್ಲೇ ಇದ್ರು, ಎರಡು ಕಣ್ಣೂ ಇತ್ತು. ಹಿಡಿದಿದ್ದು ಈ ಹಾಳೆ. ನಿಮ್ಮದೇ ಮೊಹರು ಇದೆ ನೋಡಿ. ಇನ್ಮೇಲೆ ಇದನ್ನ ಉತ್ತರಪತ್ರಿಕೆ ಜೊತೆ ಕಟ್ಟಿಟ್ಕೊಳಿ, ಓದೋಕೆ ನಮ್ಮವರೊಬ್ಬರನ್ನ ಇಟ್ಕೊಳಿ. ಆಮೇಲೆ ಯಾರು ಕದೀತಾರೆ ನೋಡೋಣ."

ನಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಒಂದು ಗಂಟೆಗೂ ಹೆಚ್ಚು. ಕಬ್ಬಿಣದ ಬೆಂಚು, ಅದರ ಮೇಲೆ ಹನ್ನೊಂದು ಜನ, ಹನ್ನೊಂದು ಕೋಲು. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮಗಳು ಅಳಲು ಶುರು ಮಾಡಿದಳು. ಮೂಲೆಗೆ ತಿರುಗಿ ಕೂತು ಹಾಲು ಕೊಟ್ಟೆ.

ನಿಯಮ ಉಳಿಯಿತು, ಹಾಳೆಯ ಷರತ್ತಿನೊಂದಿಗೆ. ಚಿತ್ರದ ಪ್ರಶ್ನೆಗಳ ಬಗ್ಗೆ ಪರಿಶೀಲಿಸಲಾಗುವುದು ಎಂದು ಬರೆದರು, ಇನ್ನೂ ಪರಿಶೀಲಿಸುತ್ತಿದ್ದಾರೆ. ಆಯ್ಕೆಯ ಪಟ್ಟಿಯಿಂದ ಅಕ್ಕನ ಹೆಸರನ್ನು ಅಲ್ಲೇ ಹೊಡೆದುಹಾಕಿದರು.

ಮೆಟ್ಟಿಲಿಳಿಯುವಾಗ ಅವರು ನನ್ನ ಮೊಣಕೈ ಹಿಡಿದುಕೊಂಡರು. ಹಿಡಿಯುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅರ್ಧ ಇಳಿದ ಮೇಲೆ ಹೇಳಿದರು:

"ಲಿಪಿಕಾರರ ಪಟ್ಟಿಯಿಂದ ನಿನ್ನ ಹೆಸರು ತೆಗ್ದಿದ್ದೀನಿ. ಮತ್ತೆ ಹಾಕಲ್ಲ. ಅಳ್ಬೇಡ, ಮೆಟ್ಟಿಲು ನೋಡ್ಕೊಂಡು ಇಳಿ, ಮಗು ಇದೆ."

ಕಾರ್ಯಾಗಾರ ಈಗ ಸಂಘದ ಕಚೇರಿಯ ಹಿಂದಿನ ವರಾಂಡಕ್ಕೆ ಬಂದಿದೆ. ಮೊದಲಿನಷ್ಟು ಕುರ್ಚಿಗಳಿಲ್ಲ. ಗುರುವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋಗಿ ಸಂಘಕ್ಕೆ ಬಂದ ಪತ್ರಗಳನ್ನು ಓದಿಕೊಡುತ್ತೇನೆ. ಕರೆದದ್ದು ಅಕ್ಕನೇ, ಮೂರು ತಿಂಗಳು ಬಿಟ್ಟು. ಹೋದ ವಾರ ಬಂದ ಪತ್ರದಲ್ಲಿ, ಕಾರ್ಯದರ್ಶಿಯವರು ತಮ್ಮದೇ ಕೆಲಸ ಉಳಿಸಿಕೊಳ್ಳಲಾಗದವರು, ಬೇರೆಯವರಿಗೇನು ಕೊಡಿಸಿಯಾರು ಎಂದು ಸದಸ್ಯರೊಬ್ಬರು ಬರೆದಿದ್ದರು. ಓದಿದೆ. ಅಕ್ಕನ ಕೈಯಲ್ಲಿದ್ದ ಬೆತ್ತ ನಿಂತಿತು.

"ಆಯ್ತಾ?" ಎಂದರು.

"ಇನ್ನೊಂದು ಸಾಲಿದೆ ಅಕ್ಕ. ಅದೂ ಚೆನ್ನಾಗಿಲ್ಲ."

"ಓದು," ಎಂದು ಬಕೆಟ್ಟಿನಿಂದ ಮುಂದಿನ ಸೀಳನ್ನು ಎತ್ತಿಕೊಂಡರು.