ಪರದೆಯಂಚಿನ ಜೋಕರ್

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಹೊಸ ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾ ಬರುತ್ತಿತ್ತು. ಚಿತ್ರದ ಎರಡು ಬದಿಗೂ ಕಪ್ಪು ಪಟ್ಟಿ. ನನ್ನವರು ಅದನ್ನು ಎಳೆದು ಪರದೆ ತುಂಬಿಸಲು ಹೊರಟಿದ್ದೇ ತಡ, ನಾನು ರಿಮೋಟ್ ಕಿತ್ತುಕೊಂಡೆ. ಅವರು ಕಣ್ಣು ಕಣ್ಣು ಬಿಟ್ಟರು. ನಿಮಗಾದರೂ ಕಾರಣ ಹೇಳುತ್ತೇನೆ. ಅದಕ್ಕೆ ಬೆಳುವಾಯಿಯ ದೊಡ್ಡಮ್ಮನ ಮನೆಗೆ ಹೋಗಬೇಕು.

ತೊಂಬತ್ತರ ದಶಕದಲ್ಲಿ, ನಾನು ರಜೆಗೆ ಅಲ್ಲಿಗೆ ಹೋಗುತ್ತಿದ್ದ ಕಾಲಕ್ಕೆ, ಅವರ ಪಕ್ಕದ ಮನೆಯ ಹಮೀದಾಕ ದುಬೈಯಿಂದ ಒಂದು ವಿಸಿಆರ್ ತಂದಿದ್ದರು, ಜೊತೆಗೆ ಹಳೆಯ ಸರ್ಕಸ್ ಸಿನಿಮಾವೊಂದರ ಕ್ಯಾಸೆಟ್. ಮದುವೆಯಾದ ಹೊಸತರಲ್ಲಿ ದೊಡ್ಡಮ್ಮ ಮಂಗಳೂರಿನ ಟಾಕೀಸಿನಲ್ಲಿ ದೊಡ್ಡಪ್ಪನ ಜೊತೆ ನೋಡಿದ್ದ ಸಿನಿಮಾ ಅದು. ಕ್ಯಾಸೆಟ್ಟಿನ ಅವಸ್ಥೆ ಕೇಳಬೇಡಿ. ಡೇರೆಯ ಕೆಂಪು ಎಲ್ಲರ ಮುಖಕ್ಕೂ ಹರಡಿತ್ತು, ಹುಲಿ ಯಾವುದು ಕುದುರೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಚಿತ್ರದ ಬುಡದಲ್ಲಿ ಅರಬ್ಬಿ ಅಕ್ಷರಗಳ ಸಾಲು ಬೇರೆ. ಆದರೂ ಹಮೀದಾಕನ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಈಗ ನೋಡಿ, ಹುಡುಗಿ ಮೇಲಿನ ಉಯ್ಯಾಲೆಯಿಂದ ಹಾರುವಾಗ ಮೂಲೆಯಲ್ಲಿ ಜೋಕರ್ ಟೊಪ್ಪಿಯಿಂದ ಕಣ್ಣು ಮುಚ್ಚಿಕೊಳ್ತಾನೆ," ಎಂದರು ದೊಡ್ಡಮ್ಮ. "ಇಡೀ ಡೇರೆ ಮೇಲೆ ನೋಡ್ತದೆ, ಅವನೊಬ್ಬ ನೋಡುವುದಿಲ್ಲ. ನಾನು ಅತ್ತದ್ದೇ ಅಲ್ಲಿ."

ಹುಡುಗಿ ಹಾರಿದಳು. ಜೋಕರ್ ಇಲ್ಲ. ಹಿಂದಕ್ಕೆ ತಿರುಗಿಸಿ ನೋಡಿದರೂ ಇಲ್ಲ.

"ನಾನೂ ಪಕ್ಕದಲ್ಲೇ ಕೂತಿದ್ದೆ ಮಾರಾಯ್ತಿ," ಎಂದರು ದೊಡ್ಡಪ್ಪ. "ಜೋಕರೂ ಇಲ್ಲ, ಗೀಕರೂ ಇಲ್ಲ."

"ನೀವು ಗೊರಕೆ ಹೊಡೀತಿದ್ರಿ."

"ನಾನಾ? ಟಾಕೀಸಿನಲ್ಲಾ?"

ಜಗಲಿಯಿಡೀ ನಕ್ಕಿತು. ಅಲ್ಲಿಂದ ಮುಂದೆ ದೊಡ್ಡಮ್ಮ ಹಾಲು ಕಾಯಿಸಿಟ್ಟಿದ್ದೇನೆ ಎಂದರೂ ದೊಡ್ಡಪ್ಪ "ಜೋಕರ್ ಇದ್ದ ಹಾಗೋ?" ಎಂದು ಕೇಳುವರು. ಮೂಡಬಿದಿರೆಯ ಒಂದು ಮದುವೆಯನ್ನು ಇಡೀ ಮಧ್ಯಾಹ್ನ ವರ್ಣಿಸಬಲ್ಲ ದೊಡ್ಡಮ್ಮ ಬರಬರುತ್ತಾ "ನನಗೆ ಸರಿ ನೆನಪಿಲ್ಲ" ಎಂದು ಮಾತು ನುಂಗತೊಡಗಿದರು. ನನಗೆ ಅದು ತೀರಾ ಸಂಕಟ. ಅವರ ಕತೆಗಳಿಲ್ಲದೆ ಆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ.

ವರ್ಷಗಳ ನಂತರ ಬೆಳ್ತಂಗಡಿಯ ಅಂಗಡಿಯೊಂದರಲ್ಲಿ ಅದೇ ಸಿನಿಮಾದ ಡಿವಿಡಿ ಕಣ್ಣಿಗೆ ಬಿತ್ತು. ಹಳೆಯ ರೀಲನ್ನು ಶುಚಿಗೊಳಿಸಿದ ಹೊಸ ಪ್ರತಿ ಎಂದು ಮೇಲೆ ಬರೆದಿತ್ತು. ಆಗ ನಾನು ಮನೆಯ ಡಿವಿಡಿ ಪಂಡಿತೆ. ತೆಗೆದುಕೊಂಡು ನೇರ ಬೆಳುವಾಯಿಗೆ ಹೋದೆ. ಏನು ಬಣ್ಣ ಅಂತೀರಿ! ಹುಲಿ ಹುಲಿಯೇ ಆಗಿತ್ತು. ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ.

"ಅರ್ಧ ಪಿಚ್ಚರ್ ನುಂಗಿದ್ದಾರೆ," ಎಂದು ದೊಡ್ಡಪ್ಪ ಜೂಮ್ ಒತ್ತಿದರು. ಆಗ ನಮ್ಮ ಕಡೆ ಅದೇ ಪದ್ಧತಿ. ಡಿಸ್ಕ್ ಹಾಕಿದ ಕೂಡಲೇ ಜೂಮ್. ಪೂರ್ತಿ ದುಡ್ಡು ಕೊಟ್ಟು ತಂದ ಟಿವಿಯ ಒಂದು ಮೂಲೆಯನ್ನೂ ಖಾಲಿ ಬಿಡುವುದು ಯಾರಿಗೂ ಸಹನೆಯಾಗುತ್ತಿರಲಿಲ್ಲ. ಪಂಡಿತೆಯೂ ತಲೆಯಾಡಿಸಿದಳು. ಹುಡುಗಿ ಹಾರಿದಳು. ಜೋಕರ್ ಇಲ್ಲ. ದೊಡ್ಡಪ್ಪ ತೊಡೆ ತಟ್ಟಿ ನಕ್ಕರು.

ದೊಡ್ಡಮ್ಮ ಎದ್ದು ಟಿವಿಯ ಹತ್ತಿರ ಬಂದರು. "ಟಾಕೀಸಿನ ಪರದೆ ಹೀಗೆ ಚೌಕ ಇರಲಿಲ್ಲ. ಅಡ್ಡಕ್ಕೆ ಉದ್ದ ಇತ್ತು. ಆ ಪಟ್ಟಿ ಬರಲಿ. ಜೂಮ್ ತೆಗೀರಿ."

ದೊಡ್ಡಪ್ಪ ಅಲ್ಲಾಡಲಿಲ್ಲ. ದೊಡ್ಡಮ್ಮನೇ ರಿಮೋಟ್ ತೆಗೆದುಕೊಂಡು, ಹುಡುಗಿ ಹಾರುವಲ್ಲಿಗೆ ಹಿಂದಕ್ಕೆ ತಿರುಗಿಸಿ, ಜೂಮ್ ತೆಗೆದರು. ಚಿತ್ರ ಚಿಕ್ಕದಾಯಿತು, ಎರಡೂ ಬದಿಗೆ ಬಿಚ್ಚಿಕೊಂಡಿತು. ಎಡ ಅಂಚಿನಲ್ಲಿ, ಕ್ಯಾಸೆಟ್ಟೂ ಜೂಮೂ ಕತ್ತರಿಸಿ ಹಾಕಿದ್ದ ಜಾಗದಲ್ಲಿ, ಜೋಕರ್ ನಿಂತಿದ್ದ. ಟೊಪ್ಪಿಯಿಂದ ಕಣ್ಣು ಮುಚ್ಚಿಕೊಂಡಿದ್ದ.

"ನೋಡಿ!"

ಆ ಬೊಬ್ಬೆಗೆ ಹಮೀದಾಕ ಓಡಿ ಬಂದರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಎದುರು ನಿಂತಿದ್ದರು. "ಈಗ ಹೇಳಿ, ಆ ದಿನ ನಿದ್ದೆ ಮಾಡಿದ್ದು ಯಾರು?"

ದೊಡ್ಡಪ್ಪ ತಲೆ ಕೆರೆದುಕೊಂಡರು. "ಸ್ವಲ್ಪ ಕಣ್ಣು ಹತ್ತಿತ್ತು ಮಾರಾಯ್ತಿ."

ಗೆದ್ದವರ ಮುಖ ಎಷ್ಟೋ ನೋಡಿದ್ದೇನೆ, ಅಂಥದ್ದು ಇನ್ನೊಂದಿಲ್ಲ. ಸಂತೋಷಕ್ಕೆ ನನ್ನ ಕಣ್ಣೂ ತುಂಬಿತು. ದೊಡ್ಡಮ್ಮ ಹಮೀದಾಕನಿಗೆ ಇಡೀ ಸಿನಿಮಾ ಮೊದಲಿನಿಂದ ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಮೊನ್ನೆ ರಿಮೋಟ್ ಕಿತ್ತುಕೊಂಡವಳೇ ದೊಡ್ಡಮ್ಮನಿಗೆ ಫೋನ್ ಮಾಡಿ ಸಂಗತಿ ಹೇಳಿದೆ.

"ಪಟ್ಟಿ ಉಂಟಲ್ಲ?"

"ಉಂಟು ದೊಡ್ಡಮ್ಮ."

"ಹಾಗಾದರೆ ನೋಡು. ನಿನ್ನ ಗಂಡ ಏನು ಮಾಡ್ತಾನೆ?"

ತಿರುಗಿ ನೋಡಿದೆ. ಗೊರಕೆ ಆಗಲೇ ಶುರುವಾಗಿತ್ತು. ನಾನು ನೆಟ್ಟಗೆ ಕೂತು ಅಂಚಿನಿಂದ ಅಂಚಿನವರೆಗೆ ಆ ಸಿನಿಮಾ ಪೂರ್ತಿ ನೋಡಿದೆ. ನಾಳೆ ಸಾಕ್ಷಿ ಹೇಳಲು ಮನೆಯಲ್ಲಿ ಒಬ್ಬಳಾದರೂ ಬೇಕಲ್ಲ.